ಅಡುಗೆಮನೆಯ ಫೆಹರಿಸ್ತ್

ಮೊನ್ನೆ ಲಿಂಗಸುಗೂರಿನಿಂದ ಮಸ್ಕಿಗೆ ಹೊರಟಿದ್ದೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಣ್ಣುಮಗಳು ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಅದರೊಳಗೆ ಶೇಂಗಾ ಹಿಂಡಿ. ಹುರಿದ ಶೇಂಗಾ, ಬಳ್ಳೊಳ್ಳಿ, ಕೆಂಪು ಖಾರ ಕೂಡಿಸಿ ಕುಟ್ಟಿದ ಆ ಪುಡಿಯ ವಾಸನೆಗೆ ಬಾಯಲ್ಲಿ ನೀರೂರದ ಮನುಷ್ಯ ನಮ್ಮ ಕಡೆ ಹುಟ್ಟಿಲ್ಲ. ನಾನು ಮಾತ್ರ ಎದ್ದು ಹಿಂದಿನ ಸೀಟಿಗೆ ಹೋದೆ. ನನ್ನ ಹಣೆಯ ವಿಭೂತಿ ನೋಡಿ ಆಕೆ ದೊಡ್ಡ ಮಡಿವಂತನೆಂದುಕೊಂಡಿರಬೇಕು. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ.

ನಿಜಾಮರ ಕಾಲ. ನಾನು ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಕಲಿತದ್ದೆಲ್ಲ ಉರ್ದುವಿನಲ್ಲಿ. ಕನ್ನಡ ಮಾತಾಡುತ್ತಿದ್ದೆ, ಬರೆಯಲು ಕೂತರೆ ಒತ್ತಕ್ಷರ ಬಂದಲ್ಲೆಲ್ಲ ಬೆವರುತ್ತಿದ್ದೆ. ಆದರೂ ನನ್ನ ಗತ್ತಿಗೇನೂ ಕಮ್ಮಿಯಿರಲಿಲ್ಲ. ಮನೆಯಲ್ಲಿ ಉಪ್ಪು ತೀರಿದರೆ ಅದನ್ನೂ ಒಂದು ಕಾಗದದ ಮೇಲೆ ದಾಖಲು ಮಾಡದೆ ಅಂಗಡಿಗೆ ಹೋದವನಲ್ಲ.

ಹೆಂಡತಿ ಗೌರಮ್ಮ ಮಸ್ಕಿಯ ತವರಿನಿಂದ ನಮ್ಮ ಮೊದಲ ಮಗಳು ನೀಲಾಳನ್ನು ಎತ್ತಿಕೊಂಡು ಬಂದಾಗ ಕೂಸಿಗೆ ಮೂರು ತಿಂಗಳು. ಕೆನ್ನೆಯ ಮೇಲೆ ಎರಡು ಕೆಂಪು ಕಲೆ ಇದ್ದವು. ಬರಬರುತ್ತ ಅವು ಕುತ್ತಿಗೆಗೆ, ಮೊಣಕೈಗೆ, ಮೊಣಕಾಲಿನ ಹಿಂದಕ್ಕೆ ಹಬ್ಬಿದವು. ನೀರೊಡೆದವು, ಒಣಗಿದವು, ಮತ್ತೆ ಒಡೆದವು. ಇಸಬು. ಕೂಸು ಕೆರೆದುಕೊಂಡು ರಕ್ತ ಬರಿಸಿಕೊಳ್ಳುತ್ತಿತ್ತು. ಹಳೆ ಸೀರೆಯ ಅರಿವೆಯಲ್ಲಿ ಪುಟ್ಟ ಚೀಲ ಹೊಲಿದು ಕೈಗೆ ಕಟ್ಟಿದೆವು. ಅದು ಆ ಚೀಲದಿಂದಲೇ ಮುಖ ಉಜ್ಜಿಕೊಂಡಿತು. ಆ ಅಳು ಕೇಳಲಾಗದೆ ನಾನು ಕಚೇರಿಗೆ ಬೇಗ ಹೋಗತೊಡಗಿದೆ. ಮೇಲಿನವರು ನನ್ನ ನಿಷ್ಠೆಯನ್ನು ಹೊಗಳಿದರು.

"ತಾಯಿ ಹಾಲು ಕಾವು ಆಗೈತಿ," ಎಂದು ನಮ್ಮವ್ವ ತೀರ್ಪು ಕೊಟ್ಟಳು. "ಬದನಿಕಾಯಿ ಬಂದ್ ಮಾಡ್ಸಲೇ ತಮ್ಮಾ."

ಬದನೆಕಾಯಿ ನಿಂತಿತು, ಇಸಬು ನಿಲ್ಲಲಿಲ್ಲ. ಪಕ್ಕದ ಮನೆಯ ಸಂಗಮ್ಮ ಬಂದು ತೊಗರಿಬೇಳೆ, ಪುಂಡಿಪಲ್ಯ ಬಿಡಿಸಿದಳು. ಮುದಗಲ್ಲಿನ ಒಬ್ಬ ಹಕೀಮರು ಹಸಿರು ಮುಲಾಮು ಕೊಟ್ಟು ಮೊಸರು, ಬೆಲ್ಲ, ಹುಣಸೆಹಣ್ಣು ಬಿಡಿಸಿದರು. ಕೂಸನ್ನು ನೋಡಲು ಬಂದವರೆಲ್ಲ ಲೊಚಗುಟ್ಟಿ, ಹೋಗುವಾಗ ಒಂದೊಂದು ಪದಾರ್ಥ ಬಿಡಿಸಿ ಹೋದರು. ಇಷ್ಟೆಲ್ಲ ನೆನಪಿಡುವುದು ಹೇಗೆ? ನಾನು ಚೊಕ್ಕ ಉರ್ದುವಿನಲ್ಲಿ ಒಂದು ಫೆಹರಿಸ್ತ್ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಮನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಹಾಗಾಗಿ ಹೆಂಡತಿ ಉಣ್ಣಲು ಕೂತಾಗಲೆಲ್ಲ ಎದುರು ನಿಂತು ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಿದ್ದೆ.

ಕೊನೆಗೆ ಉಳಿದದ್ದು ರೊಟ್ಟಿ ಮತ್ತು ಶೇಂಗಾ ಹಿಂಡಿ. ಹಿಂಡಿಯನ್ನು ಯಾರೂ ಬಿಡಿಸಿರಲಿಲ್ಲ. ನಮ್ಮಲ್ಲಿ ಅದನ್ನು ಒಂದು ಪದಾರ್ಥವೆಂದು ಎಣಿಸುವ ರೂಢಿಯೇ ಇಲ್ಲ. ಉಪ್ಪಿನ ಹಾಗೆ ಅದು ಇದ್ದೇ ಇರುತ್ತದೆ. ಗೌರಮ್ಮ ಎರಡು ಹೊತ್ತೂ ಅದನ್ನೇ ತಿಂದಳು. ಕೂಸಿನ ಮೈ ಇನ್ನಷ್ಟು ಕೆಟ್ಟಿತು. ಕೆಟ್ಟಿತೆಂದು ನಾವು ಇನ್ನೊಂದು ಪದಾರ್ಥ ಬಿಡಿಸಿದೆವು.

ಕೂಸಿಗೆ ಆರು ತಿಂಗಳಾದಾಗ ಒಂದು ಮಧ್ಯಾಹ್ನ ಊಟಕ್ಕೆ ಬಂದೆ. ಗೌರಮ್ಮ ಅತ್ತೆಗೂ ಬಡಿಸದೆ, ನನಗೂ ಕಾಯದೆ, ತಾಟು ತುಂಬ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಇವತ್ತ ನಾ ಓದ್ತೀನ್ರಿ," ಎಂದಳು. ಅವಳಿಗೆ ಉರ್ದುವಿನ ಒಂದಕ್ಷರವೂ ಬಾರದು. ಆದರೆ ಬೆರಳಿಟ್ಟು ಸಾಲುಸಾಲಾಗಿ ಹೇಳಿದಳು. "ಇದು ಬದನಿಕಾಯಿ." ಒಂದು ತುತ್ತು ತಿಂದಳು. "ಇದು ತೊಗರಿಬ್ಯಾಳಿ." ಇನ್ನೊಂದು ತುತ್ತು. ಪುಂಡಿಪಲ್ಯ, ಮೊಸರು, ಬೆಲ್ಲ, ಒಂದೂ ಹಿಂದುಮುಂದಾಗಲಿಲ್ಲ. ನನ್ನ ಕಚೇರಿಯಲ್ಲಿ ಅಷ್ಟು ಚೊಕ್ಕ ಓದುವವರು ಇರಲಿಲ್ಲ.

"ಏನ್ ಮಾಡಾಕತ್ತೀ?" ಎಂದೆ.

"ಉಣ್ಣಾಕತ್ತೀನಿ. ಆ ಹಿಂಡಿ ಡಬ್ಬಿ ಅತ್ತಾಗ ಒಯ್ರಿ. ನೋಡಿದ್ರ ಹೊಟ್ಟಿ ತೊಳಸ್ತೈತಿ."

ಅವ್ವ ದೇವರ ಮುಂದೆ ಕೂತುಬಿಟ್ಟಳು. ಕೂಸಿಗೆ ಏನಾಗುವುದೋ ಎಂದು ನಾನು ಮೂರು ದಿನ ಕಾದೆ. ಏನೂ ಆಗಲಿಲ್ಲ. ಎಂಟನೆಯ ದಿನ ಕೂಸು ಕೆರೆದುಕೊಳ್ಳುವುದು ಕಮ್ಮಿಯಾಯಿತು. ತಿಂಗಳೊಳಗೆ ಕೆನ್ನೆ ತಿಳಿಯಾಯಿತು. ಅವ್ವ ತನ್ನ ಹರಕೆ ಎಂದಳು, ಸಂಗಮ್ಮ ತಾನು ತೆಗೆದ ದೃಷ್ಟಿ ಎಂದಳು, ಹಕೀಮರು ಮುಲಾಮು ಎಂದರು. ನಾನಂತೂ ಇಸಬಿಗೆ ಬದನೆಕಾಯಿಯೇ ಔಷಧವೆಂದು ಕಚೇರಿ ತುಂಬ ಹೇಳಿಕೊಂಡು ಬಂದೆ.

ಕೂಸಿಗೆ ಒಂಬತ್ತು ತಿಂಗಳಾದಾಗ ಅವ್ವ ಮುದ್ದಿಗೆ ಶೇಂಗಾ ಉಂಡೆಯ ಒಂದು ಚೂರು ಅದರ ಬಾಯಿಗೆ ಹಚ್ಚಿದಳು. ನೋಡನೋಡುತ್ತ ತುಟಿ ಬಾತವು, ಮೈತುಂಬ ದದ್ದು ಎದ್ದವು, ಉಸಿರು ಸುಂಯ್‌ಗುಟ್ಟತೊಡಗಿತು. ಗೌರಮ್ಮ ಬೆರಳು ಹಾಕಿ ಬಾಯಿ ಬಳಿದು ಕೂಸನ್ನು ಎದೆಗೆ ಎತ್ತಿ ಹಿಡಿದಳು. ನಾನು ದವಾಖಾನೆಯ ಡಾಕ್ಟರನ್ನು ಕರೆಯಲು ಚಪ್ಪಲಿಯಿಲ್ಲದೆ ಓಡಿದೆ. ನಾವು ಬರುವಷ್ಟರಲ್ಲಿ ಕೂಸು ವಾಂತಿ ಮಾಡಿಕೊಂಡು ಸುಧಾರಿಸತೊಡಗಿತ್ತು. ಡಾಕ್ಟರು ನಾಡಿ ಹಿಡಿದು ಏನು ತಿನ್ನಿಸಿದಿರಿ ಎಂದು ಕೇಳಿದರು. ಎಲ್ಲರಿಗೂ ಒಮ್ಮೆಗೇ ತಿಳಿಯಿತು.

ಅವ್ವ ಶೇಂಗಾದ ಚೀಲವನ್ನು ಹೊರಗೆ ಎಳೆದಳು. ಆಮೇಲೆ ಸೊಸೆಯ ಹತ್ತಿರ ಕೂತು, "ನಿನ್ನ ಹಾಲಿಗೆ ಸುಮ್ನ ಹೆಸರಿಟ್ಟೆ ಬೇ," ಎಂದಳು. ನಾನು ಅಷ್ಟು ದೊಡ್ಡ ಮನುಷ್ಯನಾಗಲಿಲ್ಲ. ತಪ್ಪನ್ನು ಅವಳ ಮೇಲೆ ಹಾಕಲು ನೋಡಿದೆ.

"ಹಿಂಡಿ ಒಲ್ಲೆ ಅಂತ ಮೊದಲ ಹೇಳಬಾರದೇನು?"

"ನೀವು ಓದ್ತಿದ್ರಿ, ನಾ ಕೇಳ್ತಿದ್ದೆ," ಎಂದಳು. "ಏನ್ ತಿಂತೀ ಅಂತ ಯಾರ್ ಕೇಳಿದ್ರು ನನಗ?"

ಮೂರು ತಿಂಗಳು ಅವಳೆದುರು ನಿಂತಿದ್ದೆ, ಆ ಒಂದು ಮಾತು ಕೇಳಿರಲಿಲ್ಲ. ನಾಚಿಕೆಯಾಯಿತು. ಈಗಲೂ ಆಗುತ್ತದೆ. ನೀಲಾಳ ಇಸಬು ಪೂರ್ತಿ ಹೋಗಲಿಲ್ಲ, ಪ್ರತಿ ಚಳಿಗಾಲಕ್ಕೂ ಮೊಣಕೈಗೆ ಬಂದು ಹೋಗುತ್ತದೆ. ಶೇಂಗಾ ಮಾತ್ರ ಅಂದಿನಿಂದ ನಮ್ಮ ಹೊಸ್ತಿಲು ದಾಟಿಲ್ಲ.

ಮಸ್ಕಿಯಲ್ಲಿ ಇಳಿದು ಮಗನ ಮನೆಗೆ ನಡೆದೆ. ಅಲ್ಲಿ ಮೊಮ್ಮಗಳು ಹಡೆದು ತಿಂಗಳಾಗಿತ್ತು. ಸುತ್ತಲೂ ಓಣಿಯ ಹೆಂಗಸರು ಕೂತಿದ್ದರು. ಒಬ್ಬಳು ಬಾಳೆಹಣ್ಣು ಬ್ಯಾಡ ಅನ್ನುತ್ತಿದ್ದಳು, ಇನ್ನೊಬ್ಬಳು ಬೇಳೆ ಬ್ಯಾಡ ಅನ್ನುತ್ತಿದ್ದಳು. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಎಲ್ಲರೂ ನಾನು ಕೂಸಿನ ಮುಖ ನೋಡಲೆಂದು ದಾರಿ ಬಿಟ್ಟರು. ನಾನು ಮೊಮ್ಮಗಳ ಹತ್ತಿರ ಕೂತೆ.

"ನಿನಗ ಏನ್ ತಿನಬೇಕು ಅನಸ್ತೈತಿ ಅವ್ವಾ?"

ಅವಳು ತಾಯಿಯನ್ನು ನೋಡಿದಳು, ಹೆಂಗಸರನ್ನು ನೋಡಿದಳು, ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿದಳು.

"ಮಿರ್ಚಿ ಭಜಿ, ತಾತ."

ಓಣಿಯ ಹೆಂಗಸರು ಮುದುಕನಿಗೆ ತಲೆ ಕೆಟ್ಟಿದೆ ಎಂದು ಮಾತಾಡಿಕೊಳ್ಳುತ್ತಿರುವಾಗ ನಾನು ಕೋಲು ಊರಿಕೊಂಡು ಬಸ್ ಸ್ಟ್ಯಾಂಡಿನ ಹೋಟೆಲಿನ ಕಡೆ ನಡೆದೆ.