ಡಂಬಳದ ಕೆರೆಯ ಬಳಿ ಕಂಡ ಚುಕ್ಕಿ

ದೆವ್ವ ಕಂಡೆ ಎನ್ನುವವರನ್ನು ನಾನು ಬಹಳ ಕಾಡಿಸಿದವನು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರನಾಗಿ ಅದು ನನ್ನ ಹಕ್ಕು ಎಂದೇ ತಿಳಿದಿದ್ದೆ. ಯಾರಾದರೂ ಇಂಥ ಕಥೆ ತೆಗೆದರೆ, ಅಂದು ಹೊಟ್ಟೆ ಕೆಟ್ಟಿತ್ತೇನು ಎಂದು ಕೇಳಿ ನಗುತ್ತಿದ್ದೆ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನಗುವ ಸರದಿ ನಿಮ್ಮದು.

ಆಗ ನಮಗೆ ಹ್ಯಾಮ್ ರೇಡಿಯೊದ, ಎಂದರೆ ಮನೆಯಲ್ಲೇ ಕೂತು ರೇಡಿಯೊದಲ್ಲಿ ದೂರದವರೊಡನೆ ಮಾತಾಡುವ ಹವ್ಯಾಸದ ಹುಚ್ಚು. ನಮಗೆ ಎಂದರೆ ಗದಗಿಗೆ ಹೊಂದಿಕೊಂಡ ಬೆಟಗೇರಿಯಲ್ಲಿ ನನಗೆ, ಮುಂಡರಗಿಯಲ್ಲಿ ಮೆಣಸಿನಕಾಯಿ ವ್ಯಾಪಾರದ ಗೆಳೆಯ ದಾವಲಸಾಬನಿಗೆ. ಇಬ್ಬರೂ ಪರೀಕ್ಷೆ ಬರೆದು ಲೈಸೆನ್ಸ್ ಪಡೆದಿದ್ದೆವು, ಜೊತೆಗೆ ಗುರುತಿಗೆ ತಲಾ ಒಂದು ಕಾಲ್‌ಸೈನ್. ಮಾತಾಡಿ ಮಾತಾಡಿ ಸಾಕಾದ ಮೇಲೆ ಪ್ಯಾಕೆಟ್ ರೇಡಿಯೊ ಹಿಡಿದೆವು. ಅದರಲ್ಲಿ ಮಾತಿಲ್ಲ. ಒಗ್ಗರಣೆ ಸಿಡಿದಂತೆ ರೇಡಿಯೊ ಒಮ್ಮೆ ಚರ್ರೆನ್ನುತ್ತದೆ, ಅಷ್ಟರಲ್ಲೇ ಕಳಿಸಿದವನ ಕಾಲ್‌ಸೈನ್, ಅವನಿರುವ ಜಾಗ ಎರಡೂ ಬಂದು ಕಂಪ್ಯೂಟರಿನ ನಕಾಶೆಯ ಮೇಲೆ ಚುಕ್ಕಿಯಾಗಿ ಕೂರುತ್ತವೆ. ದಾವಲ ತನ್ನ ಮಾಳಿಗೆಯ ಮೇಲೆ ಮಳೆ, ಗಾಳಿ ಅಳೆಯುವ ಯಂತ್ರ ಕೂಡಿಸಿ ಅದರ ವರದಿಯನ್ನೂ ಹೀಗೇ ಕಳಿಸುತ್ತಿದ್ದ. ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿದವರು ಆಕಾಶ ನೋಡುವುದು ಬಿಟ್ಟು ಅವನ ಅಂಗಡಿಗೆ ಬಂದು ಕೇಳುತ್ತಿದ್ದರು.

ಸ್ಕೂಟರಿನಲ್ಲಿ ತಿರುಗುವಾಗ ಜಾಗ ತಿಳಿಸಲು ಅವನ ಬಳಿ ಇನ್ನೊಂದು ಸಣ್ಣ ಡಬ್ಬಿ ಇರುತ್ತಿತ್ತು. ಅವನ ಚುಕ್ಕಿ ಗದಗಿನೊಳಗೆ ಬಂತೆಂದರೆ ನನ್ನ ಹೆಂಡತಿ ಚಹಾಕ್ಕೆ ಇಡುತ್ತಿದ್ದಳು. ಅವನು ಚಪ್ಪಲಿ ಬಿಡುವಷ್ಟರಲ್ಲಿ ಕಪ್ಪು ಮುಂದಿರುತ್ತಿತ್ತು, ಅವನು ಪ್ರತಿ ಸಲವೂ ಹುಡುಗನ ಹಾಗೆ ಹಿಗ್ಗುತ್ತಿದ್ದ. ಇಂದು ಕಿಸೆಯಲ್ಲಿರುವ ಫೋನು ಅದನ್ನೇ ಮಾಡುತ್ತದೆ, ಆದರೆ ಯಾರೂ ಹಿಗ್ಗುವುದನ್ನು ಕಾಣೆ.

ಅದು ಹಸ್ತಾ ಮಳೆಯ ಕಾಲ. ಲಕ್ಷ್ಮೇಶ್ವರದಲ್ಲಿ ನೆಂಟರ ಮನೆಯ ತೊಟ್ಟಿಲು ಕಾರ್ಯ ಮುಗಿಸಿ ಸಂಜೆ ಮನೆಗೆ ಬಂದೆ. ಹೆಂಡತಿ ಓಣಿಯಲ್ಲಿ ಯಾರದೋ ಮನೆಗೆ ಹೋಗಿದ್ದಳು. ಅಷ್ಟರಲ್ಲಿ ದಾವಲನ ಹೆಂಡತಿ ಹಸೀನಾ ಫೋನ್ ಮಾಡಿದಳು. ಗದಗಿನ ಪೇಟೆಗೆ ಬಂದಿದ್ದ ದಾವಲ ಮಧ್ಯಾಹ್ನವೇ ಹೊರಟವನು ಇನ್ನೂ ಮುಂಡರಗಿ ಮುಟ್ಟಿರಲಿಲ್ಲ, ಅವನ ಫೋನೂ ಹತ್ತುತ್ತಿರಲಿಲ್ಲ.

“ಅಣ್ಣಾರ, ಹಳ್ಳ ಬಂದಾವಂತ್ರಿ. ಎಲ್ಲಿ ಅದಾರ ನೋಡ್ರಿ,” ಎಂದಳು.

ಅವನ ಡಬ್ಬಿ ಇದೆಯಲ್ಲ, ಹೆದರಬೇಡ ಎಂದು ಹೇಳಿ ರೇಡಿಯೊ ಹಚ್ಚಿದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಮ್ಮೆ ಚರ್ರೆಂದಿತು. ನಕಾಶೆಯಲ್ಲಿ ದಾವಲನದೇ ಕಾಲ್‌ಸೈನ್, ಡಂಬಳದ ಕೆರೆಯ ಕೋಡಿಯ ಹತ್ತಿರ. ರಸ್ತೆ ಬಿಟ್ಟು ಅಷ್ಟು ಒಳಗೆ ಅವನಿಗೇನು ಕೆಲಸ ಎಂದುಕೊಂಡೆ. ಚುಕ್ಕಿ ಅಲ್ಲಿಂದ ಅಲುಗಲಿಲ್ಲ.

ಪಕ್ಕದ ಮನೆಯ ಬಸಪ್ಪನ ಬಳಿ ಜೀಪಿತ್ತು. ಅವನನ್ನು ಕರೆತಂದು ಚುಕ್ಕಿ ತೋರಿಸಿದೆ. ಅದು ಹೊಲದ ದಾರಿ, ನಾನು ಬಲ್ಲೆ ಎಂದು ನನ್ನನ್ನು ಕೂರಿಸಿಕೊಂಡು ಆ ಮಳೆಯಲ್ಲೇ ಹೊರಟ. ಡಂಬಳದ ಆಚೆ ರಸ್ತೆಯ ಮೇಲೆ ನೀರು ಬಂದಿದ್ದರಿಂದ ದಾವಲ ಬಳಸುದಾರಿ ಹಿಡಿದು, ಜಾರಿ, ಕೋಡಿಯ ಕೆಳಗಿನ ತಗ್ಗಿನಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದ. ನೀರು ಎದೆಮಟ್ಟ ಬಂದಿತ್ತು. ನಾವು ರಸ್ತೆಗುಂಟ ಹುಡುಕುತ್ತ ಹೋಗಿದ್ದರೆ ಅವನು ನಮಗೆ ಸಿಗುತ್ತಿರಲಿಲ್ಲ. ಜೀಪಿನಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಅತ್ತೆ, ಹೇಳಲು ನಾಚಿಕೆಯಿಲ್ಲ.

ಅವನನ್ನು ಆಸ್ಪತ್ರೆಗೆ ಸೇರಿಸಿ, ಹಸೀನಾಗೆ ಸುದ್ದಿ ಮುಟ್ಟಿಸಿ ಮನೆಗೆ ಬಂದೆ. ಆ ಡಬ್ಬಿಯೊಂದು ಇಲ್ಲದಿದ್ದರೆ ದಾವಲ ಉಳಿಯುತ್ತಿರಲಿಲ್ಲ ಎಂದು ಹೆಂಡತಿಗೆ ಹೇಳಿದೆ. ಅವಳು ಕಪಾಟಿನ ಕಡೆ ಕೈ ತೋರಿಸಿದಳು.

“ಡಬ್ಬಿ ಇಲ್ಲೇ ಐತಲ್ರಿ. ಮಧ್ಯಾಹ್ನ ಬಂದಿದ್ರು, ನೀವು ಇರಲಿಲ್ಲ. ರಿಪೇರಿ ಮಾಡ್ಬೇಕಂತ ಕೊಟ್ಟು ಹೋಗ್ಯಾರ.”

ಕಪಾಟಿನ ಮೇಲೆ ಕೈಚೀಲವಿತ್ತು. ಒಳಗೆ ಅದೇ ಡಬ್ಬಿ. ವೈರು ಕಿತ್ತಿತ್ತು, ಬ್ಯಾಟರಿಯೇ ಇರಲಿಲ್ಲ.

ಎಲ್ಲೋ ಉಳಿದ ಹಳೆಯ ಪ್ಯಾಕೆಟ್, ಹಿಂದೆಂದೋ ಕಳಿಸಿದ ಸಂದೇಶ, ತಡವಾಗಿ ಬಂದಿರಬೇಕು ಎಂದುಕೊಂಡೆ. ಆದರೆ ಆ ದಾರಿಯನ್ನು ದಾವಲ ತುಳಿದದ್ದು ಅಂದೇ ಮೊದಲು. ಅವನ ಮಾಳಿಗೆಯ ಯಂತ್ರ ತೋರಿಸುವುದು ಮುಂಡರಗಿಯನ್ನು, ಅದೂ ಅಂದು ಕರೆಂಟಿಲ್ಲದೆ ಸುಮ್ಮನಿತ್ತು. ನನ್ನ ಕಣ್ಣಿನ ಭ್ರಮೆ ಎನ್ನೋಣವೆಂದರೆ ಬಸಪ್ಪನೂ ಕಂಡಿದ್ದ. ಹ್ಯಾಮ್ ಗೆಳೆಯರನ್ನು ಕೇಳಿದೆ. ತಲೆಗೊಂದು ಮಾತು ಹೇಳಿದರು, ಯಾವುದೂ ಪೂರ್ತಿ ಹೊಂದಲಿಲ್ಲ.

ಕೆಲವು ದಿನ ಬಿಟ್ಟು ದಾವಲನಿಗೆ ಹೇಳಿದೆ. ನಗುತ್ತಾನೆ ಎಂದುಕೊಂಡಿದ್ದೆ. ಅವನು ಪ್ಲಾಸ್ಟರ್ ಹಾಕಿದ ಕಾಲನ್ನು ಸರಿಸಿ ನನ್ನ ಕಡೆ ತಿರುಗಿದ.

“ಬಿದ್ದಲ್ಲೇ ಹೇಳಾಕತ್ತಿದ್ದೆ ಮಾಸ್ತರ. ನನ್ನ ಕಾಲ್‌ಸೈನ್ ಹೇಳೂದು, ಡಂಬಳದ ಕೆರಿ ಕೋಡಿ ಹತ್ರ ಅದೀನಿ ಅನ್ನೂದು. ನೀವು ಕೇಳಾಕತ್ತೀರಿ ಅಂತ ತಿಳ್ಕೊಂಡು ಮತ್ತ ಮತ್ತ ಹೇಳಿದೆ.”

“ಕೈಯಾಗ ಏನಿತ್ತೋ?”

“ಏನೂ ಇರಲಿಲ್ರಿ. ಖಾಲಿ ಕೈ.”

ವಿದ್ಯುತ್ತಿಲ್ಲದೆ ರೇಡಿಯೊ ತರಂಗ ಹುಟ್ಟದು ಎಂದು ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದ್ದೇನೆ. ಅದು ಸುಳ್ಳೆಂದು ಈಗಲೂ ಹೇಳಲಾರೆ. ದಾವಲ ಸ್ವಲ್ಪ ಕುಂಟುತ್ತಲೇ ಇಂದಿಗೂ ನಮ್ಮ ಮನೆಗೆ ಬರುತ್ತಾನೆ. ಊರಿನ ಮಾತು, ಮಳೆಯ ಮಾತು ಎಲ್ಲ ಆಗುತ್ತದೆ, ಆ ಸಂಜೆಯದು ಮಾತ್ರ ಇಬ್ಬರೂ ಎತ್ತುವುದಿಲ್ಲ. ಅವನು ಕರೆದ, ನಾನು ಹೋದೆ. ಇಷ್ಟು ನಿಜ. ನಡುವೆ ಏನಿತ್ತು ಎಂಬುದು ನನಗೆ ಗೊತ್ತಿಲ್ಲ.