ನೀರಿನಲ್ಲಿ ಹೊಳೆದ ಬಣ್ಣ

ಸಾಗರದ ಕೋರ್ಟಿನಿಂದ ಹೊರಗೆ ಬಂದಾಗ ಇನ್ನೂ ಊಟದ ಹೊತ್ತಾಗಿರಲಿಲ್ಲ. ಡೈವೋರ್ಸಿಗೆ ಯಾರದ್ದೂ ಒತ್ತಾಯ ಇಲ್ಲವಲ್ಲ ಎಂದು ನ್ಯಾಯಾಧೀಶರು ಕೇಳಿದ್ದರು. ಇಲ್ಲ ಎಂದಿದ್ದೆವು. ನಮ್ಮ ಮದುವೆ ಅಲ್ಲಿಗೆ ಮುಗಿಯಿತು. ಗೇಟಿನ ಹತ್ತಿರ, ಅಲ್ಲಿಯವರೆಗೆ ನನ್ನ ಗಂಡನಾಗಿದ್ದವರು ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

"ಇಲ್ಲೇ ಎಲ್ಲಾದ್ರೂ ಊಟ ಮಾಡೋಣ?"

"ಬೇಡ. ಲ್ಯಾಬಿಗೆ ಹೋಗ್ಬೇಕು."

"ಇವತ್ತೂನಾ?" ಎಂದರು. ನಾನು ಆಟೋಗೆ ಕೈ ತೋರಿಸಿದೆ. ಅವರು ಬೈಕ್ ಹತ್ತಿ ತೀರ್ಥಹಳ್ಳಿಗೆ ಹೊರಟರು.

ನಾವು ಜಗಳವಾಡಿ ಬಿಟ್ಟವರಲ್ಲ. ಅವರಿಗೆ ತೀರ್ಥಹಳ್ಳಿಯ ಬ್ಯಾಂಕಿನಲ್ಲಿ ಕೆಲಸ, ನನಗೆ ಸಾಗರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ. ಒಂದು ವಾರ ಅವರು ಬರುವುದು, ಇನ್ನೊಂದು ವಾರ ನಾನು ಹೋಗುವುದು. ಮೊದಲು ನಾನು ಹೋಗುವುದು ತಪ್ಪಿತು, ಆಮೇಲೆ ಅವರು ಬರುವುದು. ಅದನ್ನು ಸರಿ ಮಾಡಬೇಕು ಅಂತ ಇಬ್ಬರಿಗೂ ಅನ್ನಿಸಲಿಲ್ಲ. ಅನ್ನಿಸದೇ ಇದ್ದದ್ದೇ ಕಾರಣ ಎಂದು ವಕೀಲರಿಗೆ ಹೇಳಿದರೆ ಅವರು ಬೇರೇನೋ ಬರೆದುಕೊಂಡರು.

ಪಾಠದ ಜೊತೆಗೆ ಕಾಲೇಜಿನ ಲ್ಯಾಬಿನಲ್ಲೇ ನಾನು ಪಿಎಚ್‌ಡಿ ಮಾಡುತ್ತಿದ್ದೆ. ಜೀವಕೋಶದೊಳಗೆ ಹೋಗಿ, ಬೇಕಾದ ಜಾಗವನ್ನು ಬೆಳಕಿನಿಂದ ತೋರಿಸುವ ಬಣ್ಣಗಳನ್ನು ತಯಾರಿಸುವುದು ಕೆಲಸ. ನನ್ನ ಮೊದಲಿನ ಬಣ್ಣಗಳೆಲ್ಲ ಸ್ಪಿರಿಟ್ಟಿನಂಥ ದ್ರಾವಕದಲ್ಲಿ ಚೆನ್ನಾಗಿ ಹೊಳೆಯುತ್ತಿದ್ದವು. ಆದರೆ ಜೀವಕೋಶದ ತುಂಬ ಇರುವುದು ನೀರು. ನೀರಿಗೆ ಬಿದ್ದರೆ ಕರಗದೆ, ಅಣುಗಳೆಲ್ಲ ಒಂದಕ್ಕೊಂದು ಅಂಟಿ ಗುಂಪಾಗಿ, ಬೆಳಕು ಸತ್ತುಹೋಗುತ್ತಿತ್ತು. ಹೊಸ ಅಣುವಿಗೆ ಸುತ್ತಲೂ ತಿರುಗಬಲ್ಲ ಉಂಗುರಗಳನ್ನು ಜೋಡಿಸಿದ್ದೆ. ಬಿಡಿಬಿಡಿಯಾಗಿದ್ದಾಗ ಉಂಗುರಗಳು ತಿರುಗುತ್ತಾ ಶಕ್ತಿಯನ್ನೆಲ್ಲ ಕಳೆದುಬಿಡುತ್ತವೆ. ಗುಂಪಾದರೆ ತಿರುಗಲು ಜಾಗವಿರುವುದಿಲ್ಲ, ಶಕ್ತಿ ಬೆಳಕಾಗಿಯೇ ಹೊರಬರಬೇಕು. ಕಾಗದದ ಮೇಲೆ ಹಾಗಿತ್ತು.

ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಕೋರ್ಟಿಗೆಂದು ಉಟ್ಟಿದ್ದ ಸೀರೆಯ ಮೇಲೇ ಕೋಟು ಹಾಕಿಕೊಂಡೆ. ಸಾಲಾಗಿಟ್ಟ ಸಣ್ಣ ಬಾಟಲಿಗಳಲ್ಲಿ ಬಣ್ಣದ ದ್ರಾವಣ ಹಾಕಿ, ಒಂದಕ್ಕಿಂತ ಒಂದಕ್ಕೆ ಹೆಚ್ಚು ನೀರು ಸೇರಿಸಿದೆ. ಕಿಟಕಿಯ ಪರದೆ ಎಳೆದು ಯುವಿ ದೀಪ ಹಚ್ಚಿದೆ. ಮೊದಲಿನ ಬಾಟಲಿಗಳು ಕತ್ತಲಾಗಿದ್ದವು. ಕೊನೆಯ ಎರಡು ಹಳದಿಯಾಗಿ ಹೊಳೆಯುತ್ತಿದ್ದವು. ಅವುಗಳಲ್ಲಿ ಇದ್ದದ್ದು ಹೆಚ್ಚುಕಡಿಮೆ ಬರೀ ನೀರು.

ಇದಕ್ಕಾಗಿ ವರ್ಷಗಟ್ಟಲೆ ಕಾದಿದ್ದೆ. ಸ್ಟೂಲಿನ ಮೇಲೆ ಕೂತು ನೋಡಿದೆ. ಹೊಳೆಯುತ್ತಿದೆ ಎಂದು ಗೊತ್ತಾಯಿತು, ಅಷ್ಟೆ. ಖುಷಿ ಬರಬಹುದು ಎಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ನನ್ನ ಗೈಡ್ ಸರ್‌ಗೆ ಫೋನ್ ಮಾಡಿದೆ.

ಅವರು ಓಡಿಕೊಂಡೇ ಬಂದರು. ಬಾಟಲಿ ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. "ಬಂತಲ್ಲ ಕೊನೆಗೂ. ಎಂಥಾ ಹೊಳಪು ನೋಡಿ."

"ಹೌದು ಸರ್."

"ಯಾಕೆ, ಎಂತಾಯ್ತು? ಹುಷಾರಿಲ್ವಾ?"

"ಇವತ್ತು ಕೋರ್ಟಲ್ಲಿ ಮುಗೀತು ಸರ್. ಡೈವೋರ್ಸ್."

ಸರ್ ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟರು. ಪರದೆ ಸರಿಸಿ, ಕ್ಯಾಂಟೀನಿನಿಂದ ತಾವೇ ಚಹಾ ತಂದುಕೊಟ್ಟರು. ನಾನು ಕುಡಿದು ಮುಗಿಸುವವರೆಗೂ ಎದುರಿಗೇ ಕೂತಿದ್ದು, "ನಾಳೆ ಇನ್ನೊಂದ್ಸಲ ಮಾಡಿ ನೋಡೋಣ" ಎಂದರು.

ಮಾರನೆಯ ದಿನವೂ ಹೊಳೆಯಿತು. ಮುಂದೆ ಬೇರೆ ಊರಿನ ಲ್ಯಾಬೊಂದಕ್ಕೆ ಕಳಿಸಿದೆವು. ಜೀವಕೋಶಗಳೊಳಗೂ ಹಾಗೇ ಹೊಳೆದ ಚಿತ್ರಗಳು ಬಂದವು. ಪೇಪರ್ ಅಚ್ಚಾಯಿತು. ಕಾಲೇಜಿನಲ್ಲಿ ಶಾಲು ಹೊದಿಸಿದರು. ಫೋಟೋದಲ್ಲಿ ನಾನು ನಗುತ್ತಿದ್ದೇನೆ, ಆದರೆ ನಕ್ಕದ್ದು ನೆನಪಿಲ್ಲ.

ಇದೆಲ್ಲ ಆಗಿ ಎಷ್ಟೋ ದಿನದ ಮೇಲೆ, ಒಂದು ಭಾನುವಾರ ಹೊಸನಗರದ ಅಕ್ಕನ ಮನೆಗೆ ಹೊರಟಿದ್ದೆ. ರಿಪ್ಪನ್‌ಪೇಟೆಯಲ್ಲಿ ಬಸ್ ಬದಲಿಸಬೇಕಿತ್ತು. ನಾನು ಇಳಿಯುತ್ತಿದ್ದ ಹಾಗೇ ಹೊಸನಗರದ ಬಸ್ ಹೊರಟಿತು. ಕೈಬೀಸಿ ಓಡಿದೆ, ನಿಲ್ಲಿಸಲಿಲ್ಲ. ಕೋರ್ಟಿನ ದಿನವೂ ಅಳದವಳು ಅಲ್ಲೇ ಅಂಗಡಿಯೊಂದರ ಮುಂದೆ ನಿಂತು ಅತ್ತುಬಿಟ್ಟೆ. ತಡೆಯಲು ನೋಡಿದಷ್ಟೂ ಜೋರಾಯಿತು. ತರಕಾರಿ ಚೀಲ ಹಿಡಿದಿದ್ದ ಹೆಂಗಸೊಬ್ಬರು ಹತ್ತಿರ ಬಂದರು.

"ಬಸ್ಸಿಗೆ ಯಾರಾದ್ರೂ ಅಳ್ತಾರಾ? ಇನ್ನೊಂದು ಬತ್ತದೆ, ಕೂತ್ಕಳಿ."

ಕೂತೆ. ಅವರೂ ಪಕ್ಕದಲ್ಲಿ ಕೂತರು. ಬಸ್ ಬಂದಾಗ ನನ್ನ ಬ್ಯಾಗನ್ನು ಅವರೇ ಎತ್ತಿ ಕೊಟ್ಟರು. ಅಕ್ಕನ ಮನೆ ತಲುಪುವಷ್ಟರಲ್ಲಿ ವಿಪರೀತ ಹಸಿವಾಗಿತ್ತು.