ಸಮುದ್ರದೊಳಗಿನ ಮನೆ

ಮೂವತ್ತೊಂದು ವರ್ಷ ಭೂಮಾಪನ ಕಚೇರಿಯಲ್ಲಿ ಗೆರೆ ಎಳೆದು ನಿವೃತ್ತಳಾದ ನಕ್ಷೆಯಮ್ಮನಿಗೆ ಇಲ್ಲದ ನಾಡಿನ ನಕ್ಷೆ ಬರೆಯುವ ಕೆಲಸ ತಂದವಳು ಅಕ್ಕನ ಮಗಳು. ಅವಳು ಕಂಪ್ಯೂಟರ್ ಆಟ ಮಾಡುವ ಸಣ್ಣ ಕಂಪನಿಯಲ್ಲಿದ್ದಳು. ಮಾಯಾಲೋಕದ ಒಂದು ದಪ್ಪ ಕಾದಂಬರಿ ಯುದ್ಧದ ಆಟವಾಗಬೇಕಿತ್ತು; ಅದರ ಬೆಟ್ಟ, ಹೊಳೆ, ಕೋಟೆಗಳೆಲ್ಲ ಪುಸ್ತಕದಲ್ಲಿದ್ದಂತೆಯೇ ಚೌಕಗಳ ಮೇಲೆ ಕೂರಬೇಕು. ಅನುಮಾನ ಬಂದರೆ ಕೇಳೋಣವೆಂದರೆ ಬರೆದವನು ತೀರಿಹೋಗಿದ್ದ. ಶುಕ್ರವಾರ ಸಂಜೆಯೊಳಗೆ ಕೊಡದಿದ್ದರೆ ಕೆಲಸ ಬೇರೆಯವರ ಪಾಲು.

ನಕ್ಷೆಯಮ್ಮ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದಳು. ಕಥಾನಾಯಕ ಮನೆ ಬಿಟ್ಟು, ಲೋಕವೆಲ್ಲ ಸುತ್ತಿ, ಮನೆಗೇ ಮರಳುತ್ತಾನೆ. ದಿನದ ನಡಿಗೆಗೆ ಒಂದು ಚೌಕ. ಗೆರೆ ಹೊರಟಲ್ಲಿಗೇ ಬಂದು ಕೂಡಿದರೆ ಅಳತೆ ಸರಿ.

ಕೂಡಲಿಲ್ಲ. ಶುಕ್ರವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹರಡಿದ ಹಾಳೆಯಲ್ಲಿ ನಾಯಕನ ಪಯಣ ಕಡಲ ದಡ ದಾಟಿ, ಮನೆಯಿಂದ ಹತ್ತು ಚೌಕ ಆಚೆ, ನಡುನೀರಿನಲ್ಲಿ ಮುಗಿದಿತ್ತು.

“ಚಿಕ್ಕಮ್ಮ, ಇವನೇನು ಮೀನಾ?” ನಕ್ಷೆ ನೋಡಲು ಬಂದ ಅಕ್ಕನ ಮಗಳು ನಕ್ಕಳು.

“ನಗಬೇಡ್ವೇ. ಮೂರು ಸಲ ಅಳೆದೆ. ತಪ್ಪು ನಂದೋ, ಬರೆದವನದೋ, ಅದೇ ತಿಳೀತಿಲ್ಲ.”

“ತಪ್ಪನ್ನ ದಾರಿಯುದ್ದಕ್ಕೂ ಚೂರು ಚೂರು ಹಂಚಿಬಿಡು. ನಿಮ್ಮ ಆಫೀಸಲ್ಲಿ ಹಾಗೇ ಮಾಡ್ತಿದ್ರಂತಲ್ಲ?”

“ಅಲ್ಲಿ ತಪ್ಪು ಒಂದು ಗೇಣು ಕಣೆ. ಇಲ್ಲಿ ಹಂಚಿದ್ರೆ ಒಂದು ಕೋಟೆನೂ ಅವನು ಹೇಳಿದ ಜಾಗದಲ್ಲಿ ನಿಲ್ಲಲ್ಲ.”

ಕನ್ನಡಕ ಒರೆಸಿಕೊಂಡು ಕೊನೆಯ ಅಧ್ಯಾಯವನ್ನು ಮತ್ತೆ ಓದಿದಳು. ಕೊನೆಯ ಹದಿನಾರು ದಿನ ಅವನು ಗಾಯಗೊಂಡ ತಮ್ಮನನ್ನು ಬೆನ್ನ ಮೇಲೆ ಹೊತ್ತಿದ್ದ. ನಡೆದಷ್ಟೇ ಹೊತ್ತು ಕೂರುತ್ತಿದ್ದ. ಬೆರಳು ಅಲ್ಲೇ ನಿಂತಿತು. ಕೈಬೀಸಿ ನಡೆದ ದಿನಕ್ಕೂ ಹೊತ್ತು ನಡೆದ ದಿನಕ್ಕೂ ತಾನು ಒಂದೇ ಚೌಕ ಕೊಟ್ಟಿದ್ದಳು! ಎಂದೂ ಉದ್ದ ಬದಲಾಗದ ಸರ್ವೇ ಸರಪಳಿಯ ಅಳತೆಯಲ್ಲೇ ತಲೆ ನರೆತವಳಿಗೆ ಅದು ಹೊಳೆದೇ ಇರಲಿಲ್ಲ.

ಆ ದಿನಗಳಿಗೆ ಅರ್ಧರ್ಧ ಚೌಕ ಕೊಟ್ಟಳು. ಇನ್ನೂ ಎರಡು ಚೌಕ ನೀರಿನಲ್ಲಿ ಉಳಿಯಿತು.

ಆ ಹದಿನಾರರಲ್ಲಿ ಐದನೆಯ ದಿನ ತಮ್ಮ ಕಣ್ಣು ಮುಚ್ಚಿದ ಎಂದಿತ್ತು. ಹದಿನಾರನೆಯ ದಿನ ಇಬ್ಬರೂ ಮನೆ ಸೇರಿದರು ಎಂದಿತ್ತು. ನಡುವೆ ಒಂದು ಸಾಲೂ ಇರಲಿಲ್ಲ.

“ನಾಲ್ಕು ದಿನ ಎಲ್ಲೂ ಹೋಗದೆ ತಮ್ಮನ ಪಕ್ಕ ಕೂತಿದ್ದ ಅಂದ್ಕೊಂಡ್ರೆ ಗೆರೆ ಕೂಡುತ್ತೆ,” ಎಂದಳು ನಕ್ಷೆಯಮ್ಮ. “ಆದ್ರೆ ಹಾಗಂತ ಪುಸ್ತಕದಲ್ಲಿ ಬರೆದಿಲ್ವಲ್ಲೇ.”

ಅಕ್ಕನ ಮಗಳು ಪುಟವನ್ನು ತನ್ನತ್ತ ಎಳೆದುಕೊಂಡು ಓದಿದಳು. ಈ ಸಲ ನಗಲಿಲ್ಲ. “ಕೂತಿರ್ತಾನೆ, ಚಿಕ್ಕಮ್ಮ.”

“ನಿಂಗೆ ಹೇಗೆ ಗೊತ್ತು?”

“ಗೊತ್ತಿಲ್ಲ.”

ನಕ್ಷೆಯಮ್ಮ ಆ ನಾಲ್ಕು ದಿನದ ನಡಿಗೆಯನ್ನು ಅಳಿಸಿದಳು. ಆಮೇಲೆ ಗೆರೆಯನ್ನು ಮನೆಯ ಬಾಗಿಲಿಗೆ ತಂದು ಕೂಡಿಸಿದಳು. ಐದು ಗಂಟೆಗೆ ನಕ್ಷೆ ಹೋಯಿತು. ಅವಳು ಮಾತ್ರ ಆ ಪುಟ ಮುಚ್ಚಲಿಲ್ಲ.